ಆರ್ಡಿಸ್ ಬರೆದಿಟ್ಟ ಕಾಲುಚೀಲದ ಗುರುತು

ಆರ್ಡಿಸ್ ಕ್ರಾನ್ ಯಾರ ಕೋಣೆಗೂ ಸದ್ದಿಲ್ಲದೆ ಹೋದವಳಲ್ಲ. ಬಾಗಿಲಿನಿಂದಲೇ "ಬಂದೆ, ಬಂದೆ, ನಾನೇ ಬಂದೆ" ಎಂದು ಮೆಲ್ಲಗೆ ಹೇಳಿಕೊಳ್ಳುತ್ತಾ ಹೋಗಿ, ಮಂಚದ ಕಬ್ಬಿಣದ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಆಮೇಲೆ ಮಲಗಿದವರ ಸೊಂಟದ ಮೇಲೆ ಅಂಗೈ ಇಡುತ್ತಿದ್ದಳು. ನಾನು ಆ ವೃದ್ಧರ ಆರೈಕೆ ಮನೆಗೆ ನರ್ಸಾಗಿ ಸೇರಿದ ಮೊದಲ ವಾರ, ಇದೇನು ಪದ್ಧತಿ ಎಂದು ಕೇಳಿದೆ.

"ಹಿಂದಿನಿಂದ ಹಸು ಹತ್ರ ಹೋಗೋವಾಗ ಮಾತಾಡ್ಕೊಂಡು ಹೋಗ್ಬೇಕು ಕಣೆ. ಇಲ್ಲಾಂದ್ರೆ ಬೆಚ್ಚಿಬಿದ್ದು ಒದೆಯುತ್ತೆ," ಎಂದಳು.

"ಇವರು ಹಸುಗಳಲ್ಲವಲ್ಲ."

"ಇವರೆಲ್ಲ ಐವತ್ತು ವರ್ಷ ಹಸು ಜೊತೆ ಬಾಳಿದೋರು. ಒದೆಯೋದನ್ನ ಅಲ್ಲೇ ಕಲ್ತಿದಾರೆ."

ಅದು ನಿಜವೇ ಆಗಿತ್ತು. ವಿಸ್ಕಾನ್ಸಿನ್ನಿನ ಆ ಭಾಗದಲ್ಲಿ ಹಾಲು ಕರೆಯದ ಕೈ ಇರಲಿಲ್ಲ. ನಮ್ಮ ನಲವತ್ತೆರಡು ಹಾಸಿಗೆಗಳ ಮನೆಯಲ್ಲಿ ಬೆಳಗಿನ ನಾಲ್ಕೂವರೆಗೆ ಯಾರೂ ಎಬ್ಬಿಸದೆ ಮೂವತ್ತು ಜನ ಎದ್ದು ಕೂತಿರುತ್ತಿದ್ದರು. ಕರೆಯಲು ಹಸು ಇಲ್ಲ ಎಂದು ಅವರಿಗೆ ನೆನಪಾಗುವ ಹೊತ್ತಿಗೆ ಕಾಫಿ ಬರುತ್ತಿತ್ತು. ನಾನು ಮಿಲ್ವಾಕಿ ನಗರದಲ್ಲಿ ಹುಟ್ಟಿ, ಅಲ್ಲೇ ಓದಿದವಳು. ಗಂಡನಿಗೆ ಇಲ್ಲಿಯ ಚೀಸ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಬಂದೆವು. ಒಂಬತ್ತು ತಿಂಗಳ ಮಗಳು ಎಲ್ಸಿಯನ್ನು ನೆರೆಮನೆಯಾಕೆಯ ಬಳಿ ಬಿಟ್ಟು ಬರುತ್ತಿದ್ದೆ. ಅವಳು ದ್ರಾಕ್ಷಿ ನುಂಗಿ ಉಸಿರುಕಟ್ಟಿಸಿಕೊಂಡಿರಬಹುದು, ಮೆಟ್ಟಿಲಿನಿಂದ ಉರುಳಿರಬಹುದು, ಜ್ವರ ಬಂದಿರಬಹುದು ಎಂದೆಲ್ಲ ಅನಿಸಿ ಬೆಳಗಿನ ಪಾಳಿಯಲ್ಲಿ ಮೂರು ಸಲವಾದರೂ ಫೋನ್ ಮಾಡುತ್ತಿದ್ದೆ. ಆ ಮನೆಯಲ್ಲಿ ದ್ರಾಕ್ಷಿಯನ್ನೇ ತರುವುದಿಲ್ಲ ಎಂದು ಆಕೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಆರ್ಡಿಸ್‌ಗೆ ಆಗ ಐವತ್ತೆಂಟು. ದಪ್ಪ ಮುಂಗೈ, ಗಂಡಸರ ಕೈಗಡಿಯಾರ, ಏಪ್ರನ್ನಿನ ಜೇಬಿನಲ್ಲಿ ಸದಾ ಒಂದು ಗಿಡ್ಡ ಪೆನ್ಸಿಲು. ಐವರು ಮಕ್ಕಳಲ್ಲಿ ಕೊನೆಯವಳು. ಅವಳ ಅಪ್ಪನ ಕೊಟ್ಟಿಗೆಯಲ್ಲಿ ಮೂವತ್ತೆಂಟು ಹಸುಗಳಿದ್ದವಂತೆ. ಪ್ರತಿ ಹಸುವಿನ ತಲೆಯ ಮೇಲೆ ತೊಲೆಗೆ ಒಂದು ಮೊಳೆ, ಮೊಳೆಗೆ ಒಂದು ರಟ್ಟು. ಹಾಲು ಎಷ್ಟು ಎಂಬುದು ರಟ್ಟಿನ ಒಂದು ಬದಿಗೆ. ಇನ್ನೊಂದು ಬದಿಗೆ ಅಪ್ಪ ಕಂಡದ್ದೆಲ್ಲ: ಕಿವಿ ತಣ್ಣಗಿದೆ, ಮೇವು ಅರ್ಧ ಬಿಟ್ಟಳು, ಎಡಗಾಲು ಎತ್ತಿ ನಿಂತಳು, ಪಕ್ಕದವಳನ್ನು ನೆಕ್ಕಲಿಲ್ಲ. ಆರನೇ ವಯಸ್ಸಿಗೆ ಆರ್ಡಿಸ್ ಅಕ್ಷರ ಕಲಿತದ್ದು ಆ ರಟ್ಟುಗಳಲ್ಲಿ. ಮುಂದೆ ಅಪ್ಪನ ಬೆನ್ನು ಕೈಕೊಟ್ಟು ಹಸುಗಳನ್ನು ಮಾರಿದ ವಾರವೇ ಅವಳು ಈ ಮನೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಆರು ತಿಂಗಳಲ್ಲಿ ಸಹಾಯಕಿಯಾದಳು. ಆಮೇಲೆ ಇಪ್ಪತ್ತಮೂರು ವರ್ಷ ಅಲ್ಲೇ, ಬೆಳಗಿನಿಂದ ರಾತ್ರಿ ಊಟದ ಹೊತ್ತಿನವರೆಗೆ. ನರ್ಸಿಂಗ್ ಓದು, ಖರ್ಚು ನಾವು ಕೊಡುತ್ತೇವೆ ಎಂದು ಆಡಳಿತದವರು ಎರಡು ಸಲ ಹೇಳಿದ್ದರಂತೆ.

"ಬೇಡ ಅಂದೆ. ನರ್ಸ್ ಆದ್ರೆ ಕೂತ್ಕೊಂಡು ಬರೀಬೇಕು. ನನಗೆ ನಿಂತ್ಕೊಂಡು ಬರೆದೇ ಅಭ್ಯಾಸ."

ಅವಳು ಬರೆಯುತ್ತಿದ್ದುದು ಪಶು ಆಹಾರದ ಅಂಗಡಿಯವರು ಪುಕ್ಕಟೆ ಕೊಡುತ್ತಿದ್ದ ಪುಟ್ಟ ಪುಸ್ತಕದಲ್ಲಿ. ತಿಂಗಳಿಗೊಂದು ಪುಸ್ತಕ. ಅದನ್ನು ಯಾರೂ ಓದುತ್ತಿರಲಿಲ್ಲ. ನಮ್ಮ ಮನೆಯ ನಿಯಮವೇ ಹಾಗಿತ್ತು: ಫೈಲಿನಲ್ಲಿ ಬರೆಯುವವರು ನರ್ಸುಗಳು ಮಾತ್ರ. ಸಹಾಯಕಿಯರು ಸ್ನಾನ, ಊಟ, ಹಾಸಿಗೆ ಎಂಬ ಪಟ್ಟಿಯಲ್ಲಿ ಗುರುತು ಹಾಕಬೇಕು, ಅಷ್ಟೇ. ಫೈಲು ತೆರೆದು ನೋಡುವಂತೆಯೂ ಇಲ್ಲ. ನಾವು ನರ್ಸುಗಳು ಮಾತ್ರೆ ಕೊಟ್ಟು ಮುಂದಿನ ಕೋಣೆಗೆ ಹೋಗಬೇಕು; ಯಾರ ಕಾಲುಚೀಲ ಯಾರು ಎಳೆದರು ಎಂದು ನೋಡಲು ನಮಗೆ ಪುರುಸೊತ್ತಿಲ್ಲ. ಹೀಗೆ ಒಬ್ಬ ಮನುಷ್ಯನ ದಿನ ಎರಡು ತುಂಡಾಗಿ ಎರಡು ಜೇಬಿನಲ್ಲಿ ಇರುತ್ತಿತ್ತು.

ಮಾತ್ರೆ ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆ. ಹಾಗೆ ಯಾರಾದರೂ ಬೇಡವೆಂದರೆ, ಮಾತ್ರೆಯ ಹಾಳೆಯಲ್ಲಿ ಆ ದಿನದ ಚೌಕದಲ್ಲಿ ನಾವು ನಮ್ಮ ಹೆಸರಿನ ಅಕ್ಷರ ಬರೆದು ಅದರ ಸುತ್ತ ಒಂದು ವೃತ್ತ ಎಳೆಯಬೇಕು. ಹಾಳೆಯ ಹಿಂದೆ ಕಾರಣ ಬರೆಯಬೇಕು, ಆಮೇಲೆ ಆ ವ್ಯಕ್ತಿಯಲ್ಲಿ ಏನು ಬದಲಾವಣೆ ಕಂಡಿತು ಎಂದು ಬರೆಯಬೇಕು. ನಮ್ಮ ಮುಖ್ಯ ನರ್ಸ್ ಮಿಸೆಸ್ ಹೌಪ್ಟ್ ಸೋಮವಾರದ ಸಭೆಯಲ್ಲಿ ಇದನ್ನು ಪ್ರಾರ್ಥನೆಯ ಹಾಗೆ ಹೇಳುತ್ತಿದ್ದರು. "ಬೇಡ ಅಂದರು ಅಂತ ಬರೆದರೆ ಅದು ಸುದ್ದಿ. ಬೇಡ ಅಂದ ಮೇಲೆ ಏನಾಯ್ತು ಅಂತ ಬರೆದರೆ ಅದು ಆರೈಕೆ." ನಾನು ತಲೆಯಾಡಿಸುತ್ತಿದ್ದೆ. ಆಮೇಲೆ ಹೋಗಿ "ಬದಲಾವಣೆ ಇಲ್ಲ" ಎಂದು ಬರೆಯುತ್ತಿದ್ದೆ. ತಪ್ಪು ಬರೆದುಬಿಟ್ಟರೆ ಎಂಬ ಹೆದರಿಕೆಗೆ ಅದಕ್ಕಿಂತ ಕ್ಷೇಮದ ಮಾತು ಇನ್ನೊಂದು ಇರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತನಾಲ್ಕರ ಜೂನ್ ತಿಂಗಳಲ್ಲಿ ಹದಿನಾಲ್ಕನೇ ಕೋಣೆಯ ಎಲ್ರಾಯ್ ಝಾಸ್ಟ್ರೋ ಮಾತ್ರೆ ಬೇಡ ಎನ್ನತೊಡಗಿದ.

ಎಲ್ರಾಯ್ ಅಜ್ಜನಿಗೆ ಎಂಬತ್ತನಾಲ್ಕು. ಉದ್ದನೆಯ ಮನುಷ್ಯ, ಕಿವಿಯಲ್ಲಿ ಬಿಳಿ ಕೂದಲು, ಮಾತು ಕಡಿಮೆ. ಹೃದಯ ಸ್ವಲ್ಪ ಸೋತಿತ್ತು. ಮೈಯಲ್ಲಿ ನಿಲ್ಲುವ ನೀರನ್ನು ಇಳಿಸಲು ಬೆಳಿಗ್ಗೆ ಎಂಟಕ್ಕೆ ಒಂದು ಬಿಳಿ ಮಾತ್ರೆ. ಎಲ್ಲರೂ ಅದನ್ನು ನೀರಿನ ಮಾತ್ರೆ ಎನ್ನುತ್ತಿದ್ದರು. ಅದು ನುಂಗಿದ ಅರ್ಧ ಗಂಟೆಗೆ ಕೆಲಸ ಶುರುಮಾಡಿ ಮಧ್ಯಾಹ್ನದವರೆಗೆ ಮನುಷ್ಯನನ್ನು ಬಾತ್‌ರೂಮಿನ ಬಾಗಿಲಿಗೆ ಕಟ್ಟಿಹಾಕುತ್ತದೆ.

ಜೂನ್ ಎರಡರ ಬೆಳಿಗ್ಗೆ ಅಜ್ಜ ಬಟ್ಟಲಿನಿಂದ ಉಳಿದ ಮಾತ್ರೆಗಳನ್ನೆಲ್ಲ ನುಂಗಿ ಆ ಬಿಳಿಯದನ್ನು ಮಾತ್ರ ನನ್ನ ಕೈಗೆ ವಾಪಸ್ಸು ಇಟ್ಟ.

"ಯಾಕಜ್ಜಾ?"

ಅವನು ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿದ. "ಮೋಡ."

"ಮೋಡಕ್ಕೂ ಮಾತ್ರೆಗೂ ಏನು ಸಂಬಂಧ?"

"ಅದು ನಾನೂ ಆಕಾಶನೂ ನೋಡ್ಕೋತೀವಿ. ನೀನು ಮುಂದಿನ ಕೋಣೆಗೆ ಹೋಗಮ್ಮ, ಅಲ್ಲಿ ಬರ್ನೀಸ್ ಕಾಯ್ತಿದಾಳೆ. ತಡ ಆದ್ರೆ ಅವಳು ನಿನ್ನ ಕೈಲಿ ಮಗ್ಗಿ ಹೇಳಿಸ್ತಾಳೆ."

ನಾನು ವೃತ್ತ ಎಳೆದೆ. ಹಿಂದೆ ಬರೆದೆ: ಕಾರಣ, ಮೋಡ. ಮಾರನೆಯ ದಿನವೂ ಮೋಡ. ನಾಲ್ಕರಿಂದ ಎಂಟರವರೆಗೆ ಒಳ್ಳೆಯ ಮಗುವಿನ ಹಾಗೆ ನುಂಗಿದ. ಒಂಬತ್ತಕ್ಕೆ ಮತ್ತೆ ಮೋಡ. ಅಂದು ನಾನು "ಕಾರಣ ಹೇಳುವಲ್ಲಿ ಮನಸ್ಸು ಗೊಂದಲದಲ್ಲಿದೆ" ಎಂದೂ ಸೇರಿಸಿದೆ. ಅಷ್ಟು ಬರೆದಾಗ ಏನೋ ಒಂದು ಕೆಲಸ ಸರಿಯಾಗಿ ಮಾಡಿದೆ ಅನಿಸಿತು. ಹದಿಮೂರು, ಹದಿನೇಳು, ಇಪ್ಪತ್ತೊಂದು, ಇಪ್ಪತ್ತೆರಡು. ಏಳು ವೃತ್ತಗಳು. ಗುರುವಾರ, ಶುಕ್ರವಾರ, ಸೋಮವಾರ, ಮಂಗಳವಾರ, ಬುಧವಾರ, ಒಂದು ಕ್ರಮವಿರಲಿಲ್ಲ. "ತಾನು ಮತ್ತು ಆಕಾಶ ನೋಡಿಕೊಳ್ಳುತ್ತೇವೆ ಎನ್ನುತ್ತಾರೆ" ಎಂಬುದನ್ನೂ ಅಕ್ಷರ ಬಿಡದೆ ಬರೆದೆ. ಬದಲಾವಣೆ ಎಂಬ ಸಾಲಿನಲ್ಲಿ ಏಳು ಸಲವೂ: ಇಲ್ಲ.

ತಿಂಗಳಿಗೊಮ್ಮೆ ಬರುವ ಡಾಕ್ಟರು ಇಪ್ಪತ್ತಮೂರಕ್ಕೆ ಬಂದು ಹಾಳೆ ತಿರುವಿ ಓದಿದರು. ಬುದ್ಧಿ ಮಂಕಾಗುತ್ತಿರುವ ಲಕ್ಷಣ, ಅರವತ್ತು ಮೈಲಿ ಆಚೆ ಇಂಥವರಿಗಾಗಿಯೇ ಬೀಗ ಹಾಕಿದ ವಿಭಾಗವಿದೆ, ಅಲ್ಲಿಗೆ ಕಳಿಸುವುದನ್ನು ಮನೆಯವರ ಜೊತೆ ಮಾತಾಡಿ ಎಂದು ಬರೆದರು. ಮನೆಯವರು ಎಂದರೆ ಮಗಳು ಜೋಲೀನ್, ಪಕ್ಕದ ಊರಿನ ಶಾಲೆಯಲ್ಲಿ ಅಡುಗೆಯವಳು. ಅವಳ ತಾಯಿ ಕೊನೆಗಾಲಕ್ಕೆ ಇದೇ ರೀತಿ ಬುದ್ಧಿ ಕಳೆದುಕೊಂಡು, ಹಿಮದಲ್ಲಿ ಬರಿಗಾಲಲ್ಲಿ ಹೊರಟುಹೋಗಿದ್ದಳಂತೆ. ಜೋಲೀನ್ ಫೋನಿನಲ್ಲೇ, "ಅಮ್ಮನೂ ಹಿಂಗೇ ಶುರು ಮಾಡಿದ್ದು. ಕಳಿಸಿಬಿಡಿ. ಬೀಗ ಇದ್ರೇನೇ ನನಗೆ ನಿದ್ದೆ ಬರೋದು," ಎಂದಳು. ಮೂವತ್ತನೇ ತಾರೀಕು ಗುರುವಾರ ಎಲ್ಲರೂ ಕೂತು ನಿರ್ಧರಿಸುವುದು ಎಂದಾಯಿತು.

ಸೋಮವಾರದ ಹೊತ್ತಿಗೆ ಅಜ್ಜನಿಗೂ ತಿಳಿದಿತ್ತು. ಆರೈಕೆ ಮನೆಯಲ್ಲಿ ಗುಟ್ಟು ಕಾಫಿ ಗಾಡಿಗಿಂತ ಮುಂಚೆ ಬಾಗಿಲಿಗೆ ಬಂದಿರುತ್ತದೆ. ನಾನು ಮಾತ್ರೆ ಕೊಟ್ಟೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಎಲ್ಲವನ್ನೂ ನುಂಗಿ ಕೇಳಿದ: "ಅಲ್ಲಿ ಕಿಟಕಿ ತೆಗೆಯೋಕಾಗಲ್ಲವಂತೆ, ಹೌದಾ?"

"ನನಗೆ ಗೊತ್ತಿಲ್ಲಜ್ಜಾ."

"ಕುರಿತಲೆ ಆಡೋರು ಯಾರಾದ್ರೂ ಇದಾರಾ ಅಲ್ಲಿ?"

ಕುರಿತಲೆ ಎಂಬುದು ಆ ಕಡೆಯ ಜರ್ಮನ್ ಮೂಲದ, ನಾಲ್ಕು ಜನ ಕೂತು ಆಡುವ ಇಸ್ಪೀಟಾಟ. ಅದರಲ್ಲಿ ರಾಣಿ ರಾಜನಿಗಿಂತ ದೊಡ್ಡವಳು, ಎಕ್ಕನಿಗಿಂತಲೂ ದೊಡ್ಡವಳು, ಕಳಾವರ್ ರಾಣಿಯಂತೂ ಎಲ್ಲರಿಗೂ ದೊಡ್ಡವಳು. ಯಾಕೆ ಎಂದು ಕೇಳಿದರೆ ಅಲ್ಲಿಯವರು ಇದೇನು ಪ್ರಶ್ನೆ ಎಂಬಂತೆ ನೋಡುತ್ತಾರೆ. ಮಿಲ್ವಾಕಿಯ ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ನನಗೆ ತಲೆಬುಡ ತಿಳಿಯದು. ಅದಕ್ಕೂ "ಗೊತ್ತಿಲ್ಲ" ಎಂದೆ. ಅಜ್ಜ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದ. ಅವನ ಬೆನ್ನು ನೋಡಿದಾಗ ನನಗೆ ಒಂದು ಅನುಮಾನ ಬಂತು. ಮನಸ್ಸು ಗೊಂದಲದಲ್ಲಿರುವ ಮನುಷ್ಯ ಬೀಗದ ವಿಭಾಗದಲ್ಲಿ ಕುರಿತಲೆ ಆಡುವವರಿದ್ದಾರಾ ಎಂದು ಕೇಳುತ್ತಾನೆಯೇ?

ಮಂಗಳವಾರ ಊಟದ ಬಿಡುವಿನಲ್ಲಿ ಆರ್ಡಿಸ್ ಬಟ್ಟೆ ಮಡಿಸುವ ಕೋಣೆಯಲ್ಲಿದ್ದಳು. ನಾನು ಮಾತ್ರೆಯ ಹಾಳೆ ಹಿಡಿದು ಹೋಗಿ ಬಾಗಿಲು ಹಾಕಿ, ಎಲ್ಲ ಹೇಳಿಬಿಟ್ಟೆ. ಮೋಡ, ಗೊಂದಲ ಎಂದು ಬರೆದದ್ದು, ಡಾಕ್ಟರು, ಗುರುವಾರ. ಅವಳು ಬೆಡ್‌ಶೀಟಿನ ಎರಡು ಮೂಲೆ ನನ್ನ ಕೈಗೆ ಕೊಟ್ಟಳು. ಮಡಿಸುತ್ತಲೇ ಕೇಳಿದಳು.

"ಮೋಡ ಅಂತ ಹೇಳಿದ್ನಾ? ಬರೀ ಮೋಡ ಅಂತ?"

"ಏಳು ಸಲ."

"ಯಾವ್ಯಾವ ದಿನ?"

"ಅದನ್ನ ನಾನು ನಿನಗೆ ತೋರಿಸೋ ಹಾಗಿಲ್ಲ ಆರ್ಡಿಸ್. ಫೈಲು."

"ನೀನು ಓದು. ನಾನು ಕೇಳಿಸ್ಕೋತೀನಿ. ಕಿವಿಗೆ ನಿಯಮ ಮಾಡಿಲ್ಲ ಇನ್ನೂ."

ಅವಳು ಜೇಬಿನಿಂದ ಜೂನ್ ತಿಂಗಳ ಪುಟ್ಟ ಪುಸ್ತಕ ತೆಗೆದಳು. ನಾನು "ಎರಡು" ಎಂದೆ. ಅವಳು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ ಓದಿದಳು.

"ಎರಡು. ಹದಿನಾಲ್ಕನೇ ಕೋಣೆ: ಬೆಳಿಗ್ಗೆ ತಾನೇ ಕಾಲುಚೀಲ ಹಾಕ್ಕೊಂಡ. ಶಿಳ್ಳೆ. ಹೊರಬಾಗಿಲ ಚಾಪೆ ಒದ್ದೆ, ಮೈಲೋ ಬೂಟು. ಸಂಜೆ ಕಾಲು ಊದಿ ಕಾಲುಚೀಲದ ಗುರುತು, ಉಗುರಿನಷ್ಟು ಆಳ."

"ಮೂರು."

"ಮೂರು. ಮೈಲೋ ಬೂಟು. ಸಂಜೆ ಗುರುತು ಇನ್ನೂ ಆಳ. ಶೂ ಹಾಕ್ಕೊಳ್ಳೋವಾಗ ಎರಡು ಸಲ ನಿಂತು ಉಸಿರು ತಗೊಂಡ."

"ಒಂಬತ್ತು."

"ಮೈಲೋ ಬೂಟು."

ನಾವಿಬ್ಬರೂ ಮುಖ ನೋಡಿಕೊಂಡೆವು. ಮೈಲೋ ಬುಖ್‌ಹೋಲ್ಟ್ ಊರಿನ ಹೊರಗೆ ಅಣ್ಣನ ಮಗನ ಜೊತೆ ಇರುವ ಎಪ್ಪತ್ತೊಂಬತ್ತರ ಮುದುಕ. ಕುರಿತಲೆಯ ನಾಲ್ಕನೇ ಕೈ ಅವನದೇ. ಅವನು ಬಂದರೆ ಮಾತ್ರ ಆಟ. ಆದರೆ ಜೂನ್ ಎಂದರೆ ಹುಲ್ಲು ಕೊಯ್ದು ಒಣಗಿಸುವ ಕಾಲ. ಬಿಸಿಲಿದ್ದರೆ ಮೈಲೋ ಟ್ರಾಕ್ಟರ್ ಬಿಟ್ಟು ಇಳಿಯುವುದಿಲ್ಲ. ಮಳೆ ಬಂದರೆ ಹುಲ್ಲು ಮುಟ್ಟುವಂತಿಲ್ಲ, ಒಂಬತ್ತೂವರೆಗೆ ಬಂದು, ಮಿಸೆಸ್ ಹೌಪ್ಟ್ ಬೈಯುತ್ತಾರೆಂದು ಕೆಸರಿನ ಬೂಟು ಚಾಪೆಯ ಮೇಲೆ ಬಿಟ್ಟು, ಕಾಲುಚೀಲದಲ್ಲೇ ಆಟದ ಮೇಜಿಗೆ ನಡೆದು ಹೋಗುತ್ತಾನೆ.

ಹದಿಮೂರು, ಬೂಟು. ಇಪ್ಪತ್ತೊಂದು, ಬೂಟು. ಇಪ್ಪತ್ತೆರಡು, ಬೂಟು, ಮತ್ತು "ರಾತ್ರಿಗೆ ಎರಡನೇ ದಿಂಬು ಕೇಳಿದ." ಹದಿನೇಳು ಮಾತ್ರ ತಾಳೆಯಾಗಲಿಲ್ಲ. ನನ್ನ ಹಾಳೆಯಲ್ಲಿ ವೃತ್ತ ಇತ್ತು, ಅವಳ ಪುಸ್ತಕದಲ್ಲಿ ಬೂಟು ಇರಲಿಲ್ಲ. ನಾನು ತಾರೀಕನ್ನು ಮತ್ತೊಮ್ಮೆ ಓದಿದೆ.

"ತಡಿ," ಎಂದು ಆರ್ಡಿಸ್ ಆ ಪುಟವನ್ನು ಬೆಳಕಿಗೆ ಹಿಡಿದಳು. "ಹದಿನೇಳು. ಮೋಡ ಬಂದು ಹೋಯ್ತು, ಹನಿ ಬೀಳಲಿಲ್ಲ. ಮೈಲೋ ಇಲ್ಲ. ಎಲ್ರಾಯ್ ಹನ್ನೊಂದರವರೆಗೆ ಮೇಜಲ್ಲಿ ಒಬ್ಬನೇ ಎಲೆ ಕಲಸ್ತಾ ಕೂತಿದ್ದ. ಬರ್ನೀಸ್ ಹತ್ರ ಮಾತಿಲ್ಲ."

"ಅಂದರೆ ಎಂಟು ಗಂಟೆಗೆ ಅಜ್ಜ ಆಕಾಶ ನೋಡಿ..."

"ನೋಡಿ ಲೆಕ್ಕ ಹಾಕ್ತಾನೆ. ಅರವತ್ತು ವರ್ಷ ಹಂಗೇ ಹುಲ್ಲು ಕೊಯ್ದಿದಾನೆ. ಒಂದು ದಿನ ತಪ್ಪಿದೆ. ರೇಡಿಯೋದವರು ಅದಕ್ಕಿಂತ ಜಾಸ್ತಿ ತಪ್ತಾರೆ."

"ಆದರೆ ಆಟಕ್ಕೂ ಮಾತ್ರೆಗೂ..." ಎಂದು ಶುರುಮಾಡಿ ನಾನೇ ನಿಲ್ಲಿಸಿದೆ. ಅರ್ಧ ಗಂಟೆ. ಬಾತ್‌ರೂಮಿನ ಬಾಗಿಲು. ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷವೇ ಹೇಳಿಕೊಟ್ಟ ಪಾಠ.

ಆರ್ಡಿಸ್ ಕಪಾಟಿನ ಮೇಲಿನಿಂದ ಶೂ ಪೆಟ್ಟಿಗೆ ಇಳಿಸಿದಳು. ಅದರ ತುಂಬ ಹಳೆಯ ಪುಸ್ತಕಗಳು. ಏಪ್ರಿಲ್ ತಿಂಗಳದನ್ನು ಹುಡುಕುತ್ತಿರುವಾಗ ಒಂದು ಪುಸ್ತಕ ಜಾರಿ ನನ್ನ ಕಾಲ ಬಳಿ ಬಿತ್ತು. ತೆರೆದ ಪುಟದಲ್ಲಿ, "ಹೊಸ ನರ್ಸ್: ಊಟ ಬಿಟ್ಟಳು. ನಾಲ್ಕು ಫೋನ್. ಕೈ ತಣ್ಣಗಿದೆ" ಎಂದಿತ್ತು.

"ಇದೇನು, ನನ್ನ ಬಗ್ಗೆನೂ ಬರೀತೀಯಾ?"

"ಮೇವು ಬಿಟ್ಟೋರ ಬಗ್ಗೆ ಎಲ್ಲ ಬರೀತೀನಿ. ಇಲ್ಲಿದೆ ನೋಡು, ಏಪ್ರಿಲ್ ಹನ್ನೆರಡು. 'ಆಟದ ಮಧ್ಯೆ ಎಲ್ರಾಯ್ ಎರಡು ಸಲ ಎದ್ದ. ಎಲೆ ಕವುಚಿಟ್ಟು ಹೋದ. ವಾಪಸ್ ಬಂದಾಗ ಬರ್ನೀಸ್, ನಿನ್ನ ಎಲೆ ನಾನು ನೋಡಿಲ್ಲಪ್ಪ, ಹೇಗೂ ನೋಡೋ ಅಂಥದ್ದೇನೂ ಇಲ್ಲ ಅಂದಳು. ಎಲ್ಲರೂ ನಕ್ಕರು. ಎಲ್ರಾಯ್ ಕಿವಿ ಕೆಂಪು.'"

ಬರ್ನೀಸ್ ಪಕ್ಕದ ಕೋಣೆಯ ಎಂಬತ್ತೆಂಟರ ನಿವೃತ್ತ ಟೀಚರು. ನೋಡಿರದಿದ್ದರೆ, ನೋಡುವಂಥದ್ದೇನೂ ಇಲ್ಲ ಎಂದು ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಅಜ್ಜನನ್ನು ಎರಡು ತಿಂಗಳು ಕೊರೆದಿರಬೇಕು.

"ಇದನ್ನ ನನ್ನ ಹತ್ರ ಹೇಳಬಹುದಿತ್ತಲ್ಲ," ಎಂದೆ.

"ಮೊಮ್ಮಗಳ ವಯಸ್ಸಿನ ಹುಡುಗಿ ಹತ್ರ, ನನಗೆ ಆಟದ ಮಧ್ಯೆ ಒಂದಕ್ಕೆ ಬರುತ್ತೆ ಅಂತ ಝಾಸ್ಟ್ರೋ ಮನೆತನದೋನು ಹೇಳ್ತಾನಾ? ಅವನು ತನ್ನ ಹೆಂಡತಿಗೆ ಲಗ್ನ ಆಗು ಅಂತ ಕೇಳಿದ್ದೇ, ಕೊಟ್ಟಿಗೆಗೆ ಇನ್ನೊಂದು ಜೊತೆ ಕೈ ಬೇಕು ಅಂತ. ಅವಳಿಗೆ ಅರ್ಥ ಆಯ್ತು."

ಗುರುವಾರದ ಸಭೆ ಹನ್ನೊಂದಕ್ಕೆ. ಸಹಾಯಕಿಯರನ್ನು ಆ ಕೋಣೆಗೆ ಕರೆಯುವ ರೂಢಿ ಇರಲಿಲ್ಲ. ನಾನು ಆರ್ಡಿಸ್‌ಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಾಗ ಮಿಸೆಸ್ ಹೌಪ್ಟ್ ಕನ್ನಡಕ ಕೆಳಗಿಳಿಸಿ ನೋಡಿದರು. ಜೋಲೀನ್ ಬೇಸಿಗೆ ಶಾಲೆಯ ಅಡುಗೆಮನೆಯ ಬಿಳಿ ಅಂಗಿಯಲ್ಲೇ ಬಂದಿದ್ದಳು, ಕಣ್ಣು ಊದಿತ್ತು. ಎಲ್ರಾಯ್ ಅಜ್ಜ ಭಾನುವಾರ ಚರ್ಚಿಗೆ ಹಾಕುವ ಶರ್ಟು ಹಾಕಿ, ಕತ್ತಿನವರೆಗೆ ಗುಂಡಿ ಬಿಗಿದು, ಕೈ ಮಡಿಲಲ್ಲಿಟ್ಟು ಕೂತಿದ್ದ. ಡಾಕ್ಟರು ಹಾಳೆಯನ್ನು ಅವನ ಮುಂದೆ ಇಟ್ಟರು.

"ಎಲ್ರಾಯ್, ಮೋಡ ಇದ್ರೆ ಮಾತ್ರೆ ಯಾಕೆ ಬೇಡ?"

ಅಜ್ಜ ಮೇಜಿನ ಅಂಚನ್ನು ನೋಡಿದ. ಜೋಲೀನ್ ಮೂಗು ಒರೆಸಿಕೊಂಡಳು.

"ಡಾಕ್ಟ್ರೇ," ಎಂದೆ. "ನಾನು ಬರೆದದ್ದು ಅರ್ಧ. ಇನ್ನರ್ಧ ಇವಳ ಹತ್ತಿರ ಇದೆ."

ಆರ್ಡಿಸ್ ನಿಂತುಕೊಂಡೇ ಓದಿದಳು. ನಾನು ತಾರೀಕು ಹೇಳುವುದು, ಅವಳು ಓದುವುದು. ಬೂಟು, ಗುರುತು, ಬೂಟು, ಉಸಿರು, ಬೂಟು, ದಿಂಬು. ಮೂರನೇ ತಾರೀಕಿಗೆ ಅಜ್ಜ ತಲೆ ಎತ್ತಿದ.

"ಆರ್ಡಿಸ್, ನನ್ನ ಕಾಲುಚೀಲದ ಬಗ್ಗೆ ಬರ್ದಿದೀಯಾ ನೀನು?"

"ಹೂಂ ಮತ್ತೆ. ಎಡಗಾಲಿನ ತೂತಿನ ಬಗ್ಗೆನೂ ಬರ್ದಿದೀನಿ. ಸುಮ್ನಿರು."

ಹದಿನೇಳಕ್ಕೆ ಬಂದಾಗ ಡಾಕ್ಟರು ಪೆನ್ನು ಕೆಳಗಿಟ್ಟರು. ಏಪ್ರಿಲ್ ಹನ್ನೆರಡನ್ನು ಅವಳು ಓದಿ ಮುಗಿಸುವ ಹೊತ್ತಿಗೆ ಮುಂದಕ್ಕೆ ಬಾಗಿ ಕೂತಿದ್ದರು. ಅವರೂ ಅದೇ ಜಿಲ್ಲೆಯಲ್ಲಿ ಹುಟ್ಟಿದವರು.

"ಎಲ್ರಾಯ್. ಆ ದಿನ ಎದ್ದು ಹೋದಾಗ ಕೈಯಲ್ಲಿ ಏನಿತ್ತು?"

ಅಜ್ಜ ಮೊದಲು ಬಾಗಿಲ ಕಡೆ ನೋಡಿದ, ಬರ್ನೀಸ್ ಅಲ್ಲೆಲ್ಲಾದರೂ ಇದ್ದಾಳೆಯೇ ಎಂಬಂತೆ. ಆಮೇಲೆ ಮೆಲ್ಲಗೆ ಹೇಳಿದ. "ಮೂರು ರಾಣಿ."

"ಕಳಾವರ್ ಇತ್ತಾ?"

"ಇತ್ತು."

"ಮೂರು ರಾಣಿ ಕೈಯಲ್ಲಿಟ್ಕೊಂಡು ಎದ್ದು ಹೋಗ್ಬೇಕಾಯ್ತಾ?"

"ಹೋಗ್ಬೇಕಾಯ್ತು."

ಡಾಕ್ಟರು ಕುರ್ಚಿಗೆ ಒರಗಿ ಸ್ವಲ್ಪ ಹೊತ್ತು ಚಾವಣಿ ನೋಡಿದರು. ಒಬ್ಬ ಮನುಷ್ಯನ ಕಷ್ಟ ಅವರಿಗೆ ಪೂರ್ತಿ ಅರ್ಥವಾಗಿತ್ತು. ಮಿಸೆಸ್ ಹೌಪ್ಟ್ ಕೂಡ ತುಟಿ ಕಚ್ಚಿ ಕಿಟಕಿಯ ಕಡೆ ತಿರುಗಿದ್ದರು.

"ಅಪ್ಪಾ," ಎಂದಳು ಜೋಲೀನ್. ಅಳುವೋ ನಗುವೋ ತಿಳಿಯದ ಧ್ವನಿ. "ಇದನ್ನ ಹೇಳೋಕೇನಾಗಿತ್ತು ನಿಂಗೆ? ನಾನು ಒಂದು ವಾರದಿಂದ ಮಲಗಿಲ್ಲ."

"ಹೇಳಿದ್ನಲ್ಲ ಮಗಾ. ಮೋಡ ಅಂತ."

"ಆದರೆ ಒಂದು ಮಾತು," ಎಂದರು ಡಾಕ್ಟರು, ಆರ್ಡಿಸ್‌ಳ ಪುಸ್ತಕವನ್ನು ಕೈಗೆ ತೆಗೆದುಕೊಂಡು. "ಬುದ್ಧಿ ಸರಿಯಾಗೇ ಇದೆ. ಕಾಲು ಸರಿ ಇಲ್ಲ. ಮಾತ್ರೆ ಬಿಟ್ಟ ಪ್ರತಿ ದಿನ ಸಂಜೆ ನೀರು ಏರಿದೆ, ಉಸಿರು ಕಟ್ಟಿದೆ. ಹಾಳೆಯಲ್ಲಿ ಬದಲಾವಣೆ ಇಲ್ಲ ಅಂತ ಬರೆದಿದೆ. ಇಲ್ಲಿ ನೋಡಿದ್ರೆ ಬದಲಾವಣೆ ಬಿಟ್ಟು ಇನ್ನೇನೂ ಇಲ್ಲ. ಇನ್ನೆರಡು ತಿಂಗಳು ಮಳೆ ಹೀಗೇ ಬಂದಿದ್ರೆ ನಿನ್ನನ್ನ ಆಸ್ಪತ್ರೆಗೆ ಹಾಕಬೇಕಾಗ್ತಿತ್ತು."

ಹಾಗೆ ಬರೆದವಳು ನಾನು. ಅಜ್ಜ ನನ್ನ ಕಡೆ ನೋಡಲಿಲ್ಲ, ಅದು ಅವನ ದೊಡ್ಡತನ.

"ಆಟ ಎಷ್ಟು ಹೊತ್ತಿಗೆ ಮುಗಿಯುತ್ತೆ?" ಎಂದು ಡಾಕ್ಟರು ಕೇಳಿದರು.

"ಊಟದ ಗಂಟೆಗೆ. ಬರ್ನೀಸ್ ಸೋಲ್ತಾ ಇದ್ರೆ ಅದಕ್ಕೂ ಮುಂಚೆ. ತಲೆನೋವು ಅಂತ ಎದ್ದುಬಿಡ್ತಾಳೆ."

ಡಾಕ್ಟರು ಹಾಳೆಯ ಮೇಲೆ ಬರೆದರು: ನೀರಿನ ಮಾತ್ರೆ, ಪ್ರತಿದಿನ, ಮಧ್ಯಾಹ್ನ ಎರಡು ಗಂಟೆಗೆ. ಅರವತ್ತು ಮೈಲಿ ಆಚೆಗೆ ಕಳಿಸಲು ತಂದಿದ್ದ ಕಾಗದವನ್ನು ಮಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು. ಅಜ್ಜ ಕತ್ತಿನ ಗುಂಡಿ ಬಿಚ್ಚಿದ.

ಎಲ್ಲರೂ ಹೋದ ಮೇಲೆ ಮಿಸೆಸ್ ಹೌಪ್ಟ್ ನನ್ನನ್ನು ಕೂರಿಸಿಕೊಂಡರು. ಫೈಲಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೆಸರಿನ ಅಕ್ಷರ ಹಾಕಿ, ತಡವಾದ ಬರಹ ಎಂಬ ತಲೆಬರಹದ ಕೆಳಗೆ ಸರಿಯಾದುದನ್ನು ಬರೆಯಬೇಕು. ನಾನು ಬರೆದೆ: ಜೂನ್ ಒಂಬತ್ತರಂದು ಮನಸ್ಸು ಗೊಂದಲದಲ್ಲಿದೆ ಎಂದು ಬರೆಯಲಾಗಿದೆ. ಗೊಂದಲ ಬರೆದವಳದು.

ಅವರು ಓದಿ, "ಎರಡನೇ ವಾಕ್ಯ ತೆಗೆ. ಇದು ದಾಖಲೆ, ಪಾದ್ರಿ ಮುಂದಿನ ತಪ್ಪೊಪ್ಪಿಗೆ ಅಲ್ಲ," ಎಂದರು.

"ತೆಗೆಯೋ ಹಾಗಿಲ್ಲವಲ್ಲ. ಒಂದೇ ಗೆರೆ."

ಅವರು ನನ್ನನ್ನೇ ನೋಡಿ ನಿಟ್ಟುಸಿರು ಬಿಟ್ಟರು. ಆ ವಾಕ್ಯ ನಾನೆಳೆದ ಗೆರೆಯ ಕೆಳಗೆ ಈಗಲೂ ಓದಲು ಬರುವಂತೆಯೇ ಇರಬೇಕು. ಮುಂದಿನ ಸೋಮವಾರದಿಂದ ಹೊಸ ನಿಯಮ ಬಂತು. ಯಾರಾದರೂ ಮಾತ್ರೆ ಬೇಡವೆಂದರೆ, ಬದಲಾವಣೆಯ ಸಾಲು ತುಂಬುವ ಮೊದಲು ಆ ಕೋಣೆಯ ಸಹಾಯಕಿಯನ್ನು ಕೇಳಬೇಕು, ಅವಳ ಹೆಸರನ್ನೂ ಬರೆಯಬೇಕು. ಆರ್ಡಿಸ್ ಇದನ್ನು ಕೇಳಿ, "ಹಂಗಾದ್ರೆ ಇನ್ಮೇಲೆ ಅಕ್ಷರ ಸ್ವಲ್ಪ ದುಂಡಗೆ ಬರೀಬೇಕು," ಎಂದಳು. ಅಷ್ಟೇ.

ಜುಲೈ ಐದಕ್ಕೆ ಒಳ್ಳೆಯ ಮಳೆ ಬಂತು. ಚಾಪೆಯ ಮೇಲೆ ಬೂಟು. ಅಜ್ಜ ಒಂಬತ್ತೂವರೆಯಿಂದ ಊಟದ ಗಂಟೆಯವರೆಗೆ ಕುರ್ಚಿ ಬಿಟ್ಟು ಅಲುಗಾಡಲಿಲ್ಲ. ಒಣ ಜೋಳದ ಕಾಳು ಪಣಕ್ಕಿಟ್ಟು ಆಡುತ್ತಾರೆ. ಬರ್ನೀಸಳ ಮುಂದಿನ ಕಾಳಿನ ರಾಶಿ ಕರಗಿ ಅವನ ಮುಂದೆ ಬೆಳೆಯಿತು.

"ಇವತ್ತು ಎದ್ದೇ ಇಲ್ಲವಲ್ಲೋ ಎಲ್ರಾಯ್. ಕುರ್ಚಿಗೆ ಅಂಟು ಹಾಕಿದಾರಾ?" ಎಂದಳು ಬರ್ನೀಸ್.

"ನೋಡೋ ಅಂಥ ಎಲೆ ಇದೆ ಇವತ್ತು. ಅದಕ್ಕೇ ಕಾಯ್ಕೊಂಡು ಕೂತಿದೀನಿ."

ಮೈಲೋ ನಕ್ಕು ನಕ್ಕು ಕೆಮ್ಮಿದ. ಬರ್ನೀಸಳಿಗೆ ಹನ್ನೊಂದೂವರೆಗೇ ತಲೆನೋವು ಬಂತು.

ಎರಡು ಗಂಟೆಗೆ ನಾನು ಬಿಳಿ ಮಾತ್ರೆ ತೆಗೆದುಕೊಂಡು ಹೋದೆ. ಒಂದೇ ಗುಟುಕಿಗೆ ನುಂಗಿದ. ಆಮೇಲೆ, ಕೇಳದೆಯೇ, ಪ್ಯಾಂಟಿನ ಅಂಚು ಮೇಲಕ್ಕೆಳೆದು ಕಾಲುಚೀಲ ಜಾರಿಸಿ ತೋರಿಸಿದ. ಗುರುತು ಇತ್ತು, ತೆಳ್ಳಗೆ, ದಾರದ ಹಾಗೆ. "ಬರ್ಕೋ," ಎಂದ. "ಆರ್ಡಿಸ್‌ಗಿಂತ ಮುಂಚೆ ಬರ್ಕೋ. ಅವಳು ಉರ್ಕೊಳ್ಳಲಿ."

ನಾನು ಬಟ್ಟಲಿನಲ್ಲಿ ಇನ್ನೊಂದು ಮಾತ್ರೆ ಉಳಿದಿರುವುದನ್ನು ನೋಡಿದೆ. ಹೊಟ್ಟೆ ಸಡಿಲವಾಗಲು ಕೊಡುವ ಕೆಂಪು ಮಾತ್ರೆ.

"ಇದು?"

"ಬೇಡ."

"ಯಾಕಜ್ಜಾ?"

"ಮಂಗಳವಾರ."

ನನ್ನ ಕೈ ತಾನಾಗಿಯೇ ಪೆನ್ನಿನ ಕಡೆ ಹೋಯಿತು. ವೃತ್ತ ಎಳೆದೆ. ಮುಂದೆ ಬರೆಯಲಿಲ್ಲ. ಮಾತ್ರೆಯ ಗಾಡಿಯನ್ನು ಅಲ್ಲೇ ಬಿಟ್ಟು, ಬೀಗ ಹಾಕಿದ್ದೇನೆಯೇ ಎಂದು ಎರಡು ಸಲ ಎಳೆದು ನೋಡಿ, ಪಡಸಾಲೆಯ ಕೊನೆಗೆ ಹೋದೆ. ಆರ್ಡಿಸ್ ಯಾರದೋ ಮಂಚದ ಕಬ್ಬಿಣ ತಟ್ಟುತ್ತಿದ್ದಳು.

"ಆರ್ಡಿಸ್, ಮಂಗಳವಾರ ಏನು?"

ಅವಳು ತಿರುಗಿಯೂ ನೋಡಲಿಲ್ಲ. "ಮೂಗು ಇಲ್ವಾ ನಿಂಗೆ? ಮಧ್ಯಾಹ್ನದ ಕಾಫಿಗೆ ಅಡುಗೆಮನೇಲಿ ಒಣ ಪ್ಲಮ್ ಹಣ್ಣಿನ ಕೇಕು. ಅದು ತಿಂದ್ರೆ ಹೊಟ್ಟೆ ತಾನೇ ಸಡಿಲ ಆಗುತ್ತೆ, ಅಂಥ ಮಾತ್ರೆ ಯಾರಿಗೆ ಬೇಕು?"

ವಾಪಸ್ಸು ಬಂದು ಹಾಳೆಯನ್ನು ಹಿಂದಕ್ಕೆ ತಿರುವಿ ಬರೆದೆ: ಬೇಡ ಎಂದರು. ಕಾರಣ, ಮಂಗಳವಾರ, ಪ್ಲಮ್ ಕೇಕು. ಕೇಳಿದ್ದು ಆರ್ಡಿಸ್ ಕ್ರಾನ್ ಅವರನ್ನು. ಬದಲಾವಣೆಯ ಸಾಲನ್ನು ಖಾಲಿ ಬಿಟ್ಟೆ. ಮೂರು ಗಂಟೆಗೆ ಪಾಳಿ ಮುಗಿದ ಮೇಲೂ ಕಾದು ನಿಂತು, ಅಜ್ಜ ಕೇಕಿನ ಮುಂದೆ ಕೂತದ್ದನ್ನು ಕಣ್ಣಾರೆ ನೋಡಿ ಆಮೇಲೆ ತುಂಬಿದೆ: ಎರಡು ತುಂಡು ತಿಂದರು, ಮೂರನೆಯದನ್ನು ಬರ್ನೀಸಳ ತಟ್ಟೆಯಿಂದ ತೆಗೆದುಕೊಂಡರು, ಶಿಳ್ಳೆ.